ಕೆಂಪು ಗೋಡೆ, ಬಿಳಿ ಗೋಡೆ

ಮಗಳ ಮದುವೆ ನಿಶ್ಚಯವಾದ ಮೇಲೆ ನಮ್ಮ ಮನೆಯಲ್ಲಿ ನಡೆದ ಮೊದಲ ಜಗಳ ಊಟದ ಬಗ್ಗೆಯಲ್ಲ, ಸೀರೆಯ ಬಗ್ಗೆಯೂ ಅಲ್ಲ, ಬಣ್ಣದ ಬಗ್ಗೆ. ಮದುವೆ ಛತ್ರದಲ್ಲಿ ಬೇಡ, ಸಾಗರದ ಹತ್ತಿರದ ನಮ್ಮ ಹಳ್ಳಿಯ ಹಳೆಯ ಮನೆಯಲ್ಲೇ ಆಗಬೇಕು ಎಂದು ಅವಳು ಹಟ ಹಿಡಿದಿದ್ದಳು. ಮದುವೆ ಎಂದ ಮೇಲೆ ಮನೆಗೆ ಬಣ್ಣ ಆಗಲೇಬೇಕು. ಹೊರಗೋಡೆಗೆ ಏನಾದರೂ ಆದೀತು, ನಡುಮನೆಗೆ ಯಾವ ಬಣ್ಣ ಎಂಬಲ್ಲಿಗೆ ಬಂದು ಮಾತು ನಿಂತಿತು.

ಪೇಟೆಯ ಬಣ್ಣದಂಗಡಿಯಿಂದ ನನ್ನ ತಮ್ಮ ಒಂದು ಶೇಡ್ ಕಾರ್ಡು ತಂದಿದ್ದ. ಮದುವೆಯ ಆಲ್ಬಮ್ಮಿನಷ್ಟು ದಪ್ಪ. ಅದರಲ್ಲಿ ಬಿಳಿ ಎಂಬ ಒಂದೇ ಬಣ್ಣಕ್ಕೆ ನಾಲ್ಕು ಪುಟ. ಒಂದು ಮಲ್ಲಿಗೆಯ ಬಿಳಿಯಂತೆ, ಒಂದು ಮುತ್ತಿನ ಬಿಳಿಯಂತೆ, ಒಂದು ದಂತದ ಬಿಳಿಯಂತೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ. ತಮ್ಮ ಅದರಲ್ಲೊಂದರ ಮೇಲೆ ಬೆರಳಿಟ್ಟು, "ಅಪ್ಪ ಇದ್ದಾಗಿನಿಂದ ಈ ಗೋಡೆ ಬೆಳ್ಳಗಿದೆ. ಬೆಳ್ಳಗೇ ಇರಲಿ" ಎಂದ. ಮಗಳು ಹಿಂದಿನ ಪುಟಗಳಿಗೆ ಹಾರಿ ಇಟ್ಟಿಗೆಗೆಂಪು ಬಣ್ಣವೊಂದನ್ನು ತೋರಿಸಿದಳು. "ಅಜ್ಜಿ ಹಸೆ ಬರೀತಿದ್ದ ಗೋಡೆ ಕೆಂಪಾಗಿತ್ತಂತಲ್ಲ ಚಿಕ್ಕಪ್ಪ? ನನ್ನ ಮದುವೆಗೆ ಅದೇ ಆಗಬೇಕು." ಬೆಂಗಳೂರಿನ ಯಾವುದೋ ಕಲಾಮೇಳದಲ್ಲಿ ನಮ್ಮ ಕಡೆಯ ಚಿತ್ತಾರವನ್ನು ಚೌಕಟ್ಟು ಹಾಕಿ ಮಾರುವುದನ್ನು ಅವಳು ನೋಡಿ ಬಂದಿದ್ದಳು. ಅಲ್ಲಿಯವರೆಗೆ ಅದು ತನ್ನ ಅಜ್ಜಿಯ ಕೈಯಲ್ಲಿದ್ದ ವಿದ್ಯೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಸದೆ ಇದ್ದವನು ನಾನು.

ಅಮ್ಮ ಬಾಗಿಲ ಪಕ್ಕ ಕವಳದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಎಂಬತ್ತಾರು ವರ್ಷ. ಇಬ್ಬರ ಮಾತೂ ಕೇಳಿಸಿತು, ಏನೂ ಹೇಳಲಿಲ್ಲ. ಅಡಿಕೆ ಕತ್ತರಿಸುತ್ತ ಕೂತಳು. ತೀರ್ಪು ನನ್ನ ತಲೆಗೆ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವನು ಎಂಬ ಕಾರಣಕ್ಕೆ ನಮ್ಮ ಮನೆಯಲ್ಲಿ ತೀರ್ಪುಗಳೆಲ್ಲ ನನ್ನ ತಲೆಗೇ ಬರುತ್ತವೆ. ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ. ಅವತ್ತು ರಾತ್ರಿ ನಡುಮನೆಯಲ್ಲೇ ಚಾಪೆ ಹಾಸಿಕೊಂಡು ಮಲಗಿ ಆ ಗೋಡೆಯನ್ನು ನೋಡುತ್ತಿದ್ದೆ. ಎದುರಿಗಿದ್ದದ್ದು ಹತ್ತು ವರ್ಷದ ಹಿಂದೆ ಹೊಡೆದ ಸುಣ್ಣ. ಅಲ್ಲಲ್ಲಿ ಹಕ್ಕಳೆ ಎದ್ದು ಒಳಗಿನ ಕೆಂಪು ಕಾಣುತ್ತಿತ್ತು.

ಆ ಕೆಂಪಿನ ಕತೆಯನ್ನು ಮೊದಲು ಹೇಳಬೇಕು. ವಯಸ್ಸಿನಲ್ಲಿ ಅದೇ ಹಿರಿದು.

ನಮ್ಮ ಮನೆಯ ಗೋಡೆ ಮಣ್ಣಿನದು. ಹೊಲೆಗಡಿ ಮುಗಿದು ಮಳೆ ಪೂರ್ತಿ ಬಿಟ್ಟ ಮೇಲೆ ಊರಿನ ಹೆಂಗಸರು ಗುಡ್ಡದ ಬದಿಯ ಒಂದು ಗುಂಡಿಗೆ ಬುಟ್ಟಿ ತೆಗೆದುಕೊಂಡು ಹೋಗುತ್ತಿದ್ದರು. ಮೇಲಿನ ಕಲ್ಲುಮಣ್ಣು ಸರಿಸಿದರೆ ಕೆಳಗೆ ನಯವಾದ ಕೆಮ್ಮಣ್ಣು ಸಿಗುತ್ತಿತ್ತು. ಅದನ್ನು ಹೊತ್ತು ತಂದು, ಒಣಗಿಸಿ, ಕುಟ್ಟಿ, ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯಾದ ರಾಡಿಯನ್ನು ಬೇರೆ ಪಾತ್ರೆಗೆ ಬಸಿಯುತ್ತಿದ್ದರು. ಮೊದಲು ಸಗಣಿ ಬೆರೆಸಿದ ಮಣ್ಣಿನಿಂದ ಗೋಡೆಯ ಬಿರುಕು ಮೆತ್ತಿ, ಅದರ ಮೇಲೆ ಈ ಕೆಂಪು ರಾಡಿಯನ್ನು ಬಟ್ಟೆಯ ಉಂಡೆಯಿಂದ ಬಳಿಯುವುದು. ಒಣಗಿದ ಮೇಲೆ ಗೋಡೆ ಹೊಸ ಮಡಕೆಯ ಹಾಗೆ ಕಾಣುತ್ತಿತ್ತು.

ಈ ಕೆಂಪು ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ ನಾನು ತರಗತಿಯಲ್ಲಿ ಕಬ್ಬಿಣದ ಮೊಳೆ ತೋರಿಸುತ್ತಿದ್ದೆ. ತುಕ್ಕಿನ ಬಣ್ಣವೂ ನಮ್ಮ ಗುಡ್ಡದ ಬಣ್ಣವೂ ಒಂದೇ ಕುಲದ್ದು. ಘಟ್ಟದ ಮಳೆ ಲಕ್ಷಾಂತರ ವರ್ಷ ಕಲ್ಲನ್ನು ತೊಳೆದು, ಕರಗುವುದನ್ನೆಲ್ಲ ಹೊಳೆಗೆ ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶವನ್ನು ಉಳಿಸಿ ಹೋಗಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಈ ಸೀಮೆಯನ್ನು ನೋಡಿಕೊಂಡು ಬಾ ಎಂದು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಆತ ನಮ್ಮ ಇಕ್ಕೇರಿಗೂ ಬಂದಿದ್ದ. ಮಲಬಾರಿನ ಅಂಗಾಡಿಪುರದಲ್ಲಿ ನೆಲದಿಂದ ಮೆತ್ತಗೆ ಕತ್ತರಿಸಿ ತೆಗೆದು, ಗಾಳಿಗಿಟ್ಟರೆ ಗಟ್ಟಿಯಾಗುವ ಕೆಂಪು ಕಲ್ಲನ್ನು ಕಂಡು ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ ಹೆಸರು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಜಗತ್ತಿಗೆಲ್ಲ ಹರಡಿತು. ನಮ್ಮವರು ಅದನ್ನು ಮೊದಲಿನಿಂದಲೂ ಜಂಬಿಟ್ಟಿಗೆ ಎನ್ನುತ್ತಲೇ ಇದ್ದರು. ಅದರಲ್ಲೂ ಇಟ್ಟಿಗೆಯೇ ಇದೆ.

ಗೋಡೆಗೆ ಕೆಂಪು ಬಳಿಯುವುದು ಮನುಷ್ಯನ ಬಹಳ ಹಳೆಯ ಚಟ. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇವತ್ತಿಗೂ ಕಾಣುವ ಚಿತ್ರಗಳು ಕೆಮ್ಮಣ್ಣಿನವು. ವಾಕಣಕರ್ ಅವರು 1957ರಲ್ಲಿ ಬೆಳಕಿಗೆ ತಂದ ಭೀಮಬೇಟ್ಕಾದ ಗುಹೆಗಳಲ್ಲಿ ಹೆಚ್ಚಾಗಿ ಕಾಣುವ ಬಣ್ಣಗಳು ಎರಡು: ಕೆಂಪು ಮತ್ತು ಬಿಳಿ. ನಮ್ಮ ಮನೆಯ ಜಗಳ ಅಷ್ಟು ಹಿಂದಿನದು ಎಂದು ನಾನು ಮಗಳಿಗೆ ತಮಾಷೆ ಮಾಡಿದೆ.

ಆ ಕೆಂಪು ಗೋಡೆಯ ಮೇಲೆ ದೀವರ ಹೆಂಗಸರು ಬರೆಯುವುದೇ ಹಸೆ ಚಿತ್ತಾರ. ಹಸೆಮಣೆ ಏರುವುದು ಎಂದು ಕನ್ನಡದಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಮಣೆಯಷ್ಟೇ ಅಲ್ಲ, ಮಣೆಯ ಹಿಂದಿನ ಗೋಡೆಯೂ ಹಸೆಯೇ. ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಳತೆಗೋಲಿಲ್ಲದೆ ಎಳೆಯ ಪಕ್ಕ ಎಳೆ ಕೂರಿಸಿ ಅಮ್ಮ ಬಾಸಿಂಗ, ದಂಡಿಗೆ, ಭತ್ತದ ಸಸಿ, ಹಕ್ಕಿ ಎಲ್ಲವನ್ನೂ ಬರೆಯುತ್ತಿದ್ದಳು. ಪಕ್ಕದಲ್ಲಿ ಕೂತವರು ಹಾಡು ಹೇಳುತ್ತಿದ್ದರು. ಹಾಡು ನಿಂತರೆ ಅಮ್ಮನ ಕೈಯೂ ನಿಲ್ಲುತ್ತಿತ್ತು.

ಈಗ ಬಿಳಿಯ ಕತೆ. ನಮ್ಮ ಗೋಡೆಗೆ ಮೊದಲು ಬಿಳಿ ಬಳಿದದ್ದು ಅಪ್ಪನಲ್ಲ, ಸರ್ಕಾರ. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣದ ಯೋಜನೆ ಶುರುವಾಯಿತು. ನಾನು ಚಿಕ್ಕವನಿದ್ದಾಗ ಬೆನ್ನಿಗೆ ಪಂಪು ಹೊತ್ತ ಆಳುಗಳು ಬಂದು ಮನೆಮನೆಯ ಒಳಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದರು. ಕೆಂಪು ಗೋಡೆಯ ಮೇಲೆ ಆ ಬಿಳಿ ಸೋರಿಕೆ ತೊನ್ನು ಹತ್ತಿದ ಹಾಗೆ ಕಾಣುತ್ತಿತ್ತು. ಅಜ್ಜಿಗೆ ಅದರ ವಾಸನೆ ಆಗುತ್ತಿರಲಿಲ್ಲ. ಅವರು ಬೇಲಿ ದಾಟಿದ ಮರುದಿನವೇ ಕೆಮ್ಮಣ್ಣು ಕದಡಿ ಅದರ ಮೇಲೆ ಬಳಿದುಬಿಡುತ್ತಿದ್ದಳು. ಮುಂದಿನ ಸಲ ಬಂದವರು ಬೈದರೆ, "ನಿಮ್ಮ ಮನೆ ಗೋಡೆಗೆ ಹೀಗೆ ಉಗುಳಿದ್ರೆ ಸುಮ್ನಿರ್ತೀರಾ?" ಎಂದು ಕೇಳುತ್ತಿದ್ದಳು. ಬೈದವರದ್ದು ತಪ್ಪಲ್ಲ. ಸೊಳ್ಳೆ ಗೋಡೆಯ ಮೇಲೆ ಕೂತಾಗ ಔಷಧಿ ಅದರ ಕಾಲಿಗೆ ತಾಗಬೇಕು. ಮೇಲೆ ಮಣ್ಣು ಬಳಿದರೆ ಹೇಗೆ ತಾಗೀತು? ಬಳಿಯದಿದ್ದರೂ ಮಣ್ಣಿನ ಗೋಡೆ ಆ ಔಷಧಿಯನ್ನು ಬೇಗ ಹೀರಿಕೊಂಡುಬಿಡುತ್ತದೆ. ಅಂತೂ ಮಲೇರಿಯಾದವರ ಲೆಕ್ಕದಲ್ಲಿ ನಮ್ಮ ಕೆಂಪು ಗೋಡೆ ಸೊಳ್ಳೆಯ ಪಕ್ಷದ್ದು.

ನನಗೆ ಆ ಗೋಡೆಯ ಜೊತೆ ಇದ್ದದ್ದು ಬೇರೆ ತಕರಾರು. ಕೆಮ್ಮಣ್ಣಿನ ಗೋಡೆಗೆ ಒರಗಿ ಕೂತರೆ ಬೆನ್ನಿಗೆ ಕೆಂಪು ಹತ್ತುತ್ತದೆ. ರಾತ್ರಿ ಬುಡ್ಡಿದೀಪದ ಮುಂದೆ ಗೋಡೆಗೆ ಒರಗಿ ಓದಿ, ಬೆಳಿಗ್ಗೆ ಅದೇ ಅಂಗಿಯಲ್ಲಿ ಶಾಲೆಗೆ ಹೋಗುತ್ತಿದ್ದವನು ನಾನು. ಇದ್ದದ್ದು ಒಂದೇ ಬಿಳಿ ಅಂಗಿ. ತರಗತಿಯಲ್ಲಿ ನಾಲ್ಕಾರು ಹುಡುಗರ ಬೆನ್ನು ಹೀಗೆ ಕೆಂಪಾಗಿರುತ್ತಿತ್ತು. ಎಲ್ಲರೂ ಗೇಣಿದಾರರ ಮಕ್ಕಳು. ಸುಣ್ಣದ ಗೋಡೆಗೆ ಒರಗಿದವರ ಬೆನ್ನಿಗೂ ಬಿಳಿ ಹತ್ತುತ್ತಿತ್ತು, ಆದರೆ ಬಿಳಿ ಅಂಗಿಯ ಮೇಲೆ ಬಿಳಿ ಯಾರಿಗೆ ಕಾಣಬೇಕು? ಒಬ್ಬ ಮೇಷ್ಟ್ರು ನಮ್ಮನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, "ಕೆಂಪು ಬೆನ್ನಿನವನೇ, ಏಳು" ಎನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ, ನಗಿಸುವ ಚಪಲ. ತರಗತಿಯೆಲ್ಲ ನಗುತ್ತಿತ್ತು. ಆಮೇಲಾಮೇಲೆ ನಾನು ಮನೆಯಲ್ಲಿ ಗೋಡೆ ಬಿಟ್ಟು ಕಂಬಕ್ಕೆ ಒರಗಿ ಓದುವುದನ್ನು ಕಲಿತೆ.

ಅಪ್ಪನಿಗೆ ಬಿಳಿಯ ಹುಚ್ಚು ಹತ್ತಿದ್ದು ಇನ್ನೂ ಹಿಂದೆ. ನಮ್ಮ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವನು. ಸುಗ್ಗಿಯಾದ ಮೇಲೆ ಗೇಣಿ ಭತ್ತವನ್ನು ಒಡೆಯರ ಮನೆಯ ಅಂಗಳಕ್ಕೆ ಹೊತ್ತು ಹಾಕಬೇಕು. ಜಗಲಿಯ ಮೇಲೆ ನಮ್ಮವರು ಕಾಲಿಡುವಂತಿರಲಿಲ್ಲ. ಹುಡುಗನಾಗಿದ್ದ ಅಪ್ಪ ಅಂಗಳದಲ್ಲಿ ನಿಂತು, ತೆರೆದ ಬಾಗಿಲಿನಿಂದ ಒಳಗಿನ ನಡುಮನೆಯ ಗೋಡೆಯನ್ನು ನೋಡುತ್ತಿದ್ದನಂತೆ. "ದೀಪ ಹಚ್ಚಿರಲಿಲ್ಲ, ಆದರೂ ಒಳಗೆ ಹಗಲಿತ್ತು" ಎಂದು ಮುದುಕನಾದ ಮೇಲೂ ಹೇಳುತ್ತಿದ್ದ.

ಆ ಅಂಗಳದಲ್ಲಿ ಭತ್ತ ಅಳೆಯುತ್ತಿದ್ದ ಕೊಳಗವೇ ಮುಂದೆ ಚರಿತ್ರೆಯಾಯಿತು. ಗೇಣಿ ಅಳೆಯುವ ಕೊಳಗ ಲೆಕ್ಕಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. 1951ರ ಏಪ್ರಿಲ್‌ನಲ್ಲಿ ಕಾಗೋಡಿನ ರೈತರು ಸತ್ಯಾಗ್ರಹಕ್ಕೆ ನಿಂತರು. ಎಚ್. ಗಣಪತಿಯಪ್ಪನವರ ರೈತಸಂಘದ ಜೊತೆಗೆ ಸಮಾಜವಾದಿ ಪಕ್ಷ ಸೇರಿಕೊಂಡಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಅಪ್ಪನಿಗೆ ಆಗ ಹತ್ತೊಂಬತ್ತು. ಮೆರವಣಿಗೆಯ ಹಿಂದೆ ನಡೆದದ್ದು ಬಿಟ್ಟರೆ ತಾನೇನೂ ಮಾಡಲಿಲ್ಲ ಎಂದು ಅವನೇ ಹೇಳುತ್ತಿದ್ದ. ಆದರೆ ನಡೆದು ಬಂದವನು ಅಂಗಳದಲ್ಲಿ ಮೊದಲಿನ ಹಾಗೆ ಬಗ್ಗಿ ನಿಲ್ಲಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು.

ಗದ್ದೆ ಕೈಗೆ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿತು; ಉಳುತ್ತಿದ್ದವನು ಏಳನೇ ನಂಬರಿನ ಫಾರಂ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತು ತನ್ನ ಹಕ್ಕನ್ನು ಸಾಬೀತು ಮಾಡಬೇಕು. ನಮ್ಮ ಫಾರಂ ತುಂಬಿದವನು ಪಿಯುಸಿ ಓದುತ್ತಿದ್ದ ನಾನು. ತೀರ್ಪು ಬಂದದ್ದು 1978ರಲ್ಲಿ. ಎರಡು ಎಕರೆ ಚಿಲ್ಲರೆ. ಆ ವರ್ಷದ ದೀಪಾವಳಿಗೆ ಅಪ್ಪ ಎತ್ತು ಕೊಳ್ಳಲಿಲ್ಲ, ಯಾರಿಗೂ ಬಟ್ಟೆ ತರಲಿಲ್ಲ. ಪೇಟೆಗೆ ಹೋಗಿ ಗಾಡಿಯಲ್ಲಿ ಎರಡು ಮೂಟೆ ಚಿಪ್ಪಿನ ಸುಣ್ಣ ಹೇರಿಕೊಂಡು ಬಂದ.

ಘಟ್ಟದ ಕೆಳಗಿನ ಅಳಿವೆಗಳಲ್ಲಿ ಬಾಚಿದ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಅದು. ಹಳೆಯ ಪೀಪಾಯಿಯಲ್ಲಿ ಸುರಿದು ನೀರು ಹೊಯ್ದಾಗ ಬುಸ್ಸೆಂದು ಕುದಿಯತೊಡಗಿತು. ಬೆಂಕಿಯಿಲ್ಲದೆ ನೀರು ಕುದಿಯುವುದನ್ನು ನೋಡಲು ಊರಿನ ಮಕ್ಕಳೆಲ್ಲ ಸೇರಿದ್ದರು. ಕೋಲಿನಿಂದ ಕದಡುತ್ತಿದ್ದ ನನ್ನ ಕಣ್ಣಿಗೆ ಒಂದು ಹನಿ ಸಿಡಿದು, ಅಮ್ಮ ತಂಬಿಗೆಗಟ್ಟಲೆ ನೀರು ಹೊಯ್ದು ತೊಳೆದಳು. ಒಂದು ವಾರ ಕಣ್ಣು ಕೆಂಡದ ಹಾಗಿತ್ತು. ಅಷ್ಟಕ್ಕೇ ಹೋಯಿತು, ಪುಣ್ಯ. ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಗಂಜಿ ಬೆರೆಸಿ, ಕೊನೆಗೆ ಒಂದು ಚಿಟಿಕೆ ನೀಲಿ ಹಾಕಿದರು. ಬೆಳ್ಳಗಾಗಲು ನೀಲಿ ಯಾಕೆ ಎಂದರೆ, ಬರಿಯ ಸುಣ್ಣದ ಬಿಳಿಯಲ್ಲಿ ಹಳದಿಯ ಛಾಯೆ ಇರುತ್ತದೆ, ನೀಲಿ ಅದನ್ನು ಮರೆಸುತ್ತದೆ. ಈ ಚಿಟಿಕೆ ನೀಲಿಗೂ ಒಂದು ಚರಿತ್ರೆ ಉಂಟು. ಅಫಘಾನಿಸ್ತಾನದ ಬದಕ್ಷಾನದ ಗಣಿಯ ಕಲ್ಲನ್ನು ಅರೆದು ಮಾಡುತ್ತಿದ್ದ ಆ ಬಣ್ಣ ಒಂದು ಕಾಲಕ್ಕೆ ರಾಜರಿಗೂ ದುಬಾರಿ. ಅದನ್ನು ಕೃತಕವಾಗಿ ತಯಾರಿಸಿದವರಿಗೆ ಆರು ಸಾವಿರ ಫ್ರಾಂಕ್ ಬಹುಮಾನ ಎಂದು ಫ್ರಾನ್ಸಿನಲ್ಲಿ 1824ರಲ್ಲಿ ಸಾರಿದರು. 1828ರಲ್ಲಿ ಗಿಮೆ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಗೆದ್ದ. ಆಮೇಲೆ ಅಗಸರ ಮನೆಯಿಂದ ನಮ್ಮ ಮನೆಯವರೆಗೆ ನೀಲಿ ಸಿಗುವಂತಾಯಿತು.

ಸುಣ್ಣ ಹೊಡೆಯಲು ಪೇಟೆಯಿಂದ ಇಬ್ಬರು ಆಳು ಬಂದಿದ್ದರು. ಹಸಿ ಸುಣ್ಣ ಬಳಿದ ಕೂಡಲೇ ಬೆಳ್ಳಗೆ ಕಾಣುವುದಿಲ್ಲ. ನೀರು ಬಳಿದ ಹಾಗಿರುತ್ತದೆ. ಅಮ್ಮನ ಮದುವೆಯ ವರ್ಷದಿಂದ ಮೇಲೆ ಮೇಲೆ ತಿದ್ದಿ ಬರೆದುಕೊಂಡು ಬಂದ ಚಿತ್ತಾರ ಸಂಜೆಯವರೆಗೂ ಒಳಗಿನಿಂದ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಇರಲಿಲ್ಲ. ನಡುಮನೆಯಲ್ಲಿ, ಅಪ್ಪ ಹೇಳುತ್ತಿದ್ದ ಹಾಗೆ, ಹಗಲಿತ್ತು. ಅಪ್ಪ ಗೋಡೆಯ ಎದುರು ಕೂತು ಒಂದು ಬೀಡಿ ಪೂರ್ತಿ ಸೇದಿದ. ನಮ್ಮ ತಾಲ್ಲೂಕಿನ ಜೋಗದ ನೀರಿನಿಂದ 1940ರ ದಶಕದ ಕೊನೆಯಲ್ಲೇ ವಿದ್ಯುತ್ ಹುಟ್ಟಿ ಬೆಂಗಳೂರಿಗೆ ಹೋಗುತ್ತಿತ್ತು. ನಮ್ಮೂರಿಗೆ ಬಂದದ್ದು 1983ರಲ್ಲಿ. ನಡುವಿನ ಐದು ವರ್ಷ ನಮ್ಮ ಮನೆಯ ದೀಪ ಆ ಸುಣ್ಣವೇ.

ಆದರೆ ಮಣ್ಣಿನ ಗೋಡೆಗೆ ಸುಣ್ಣ ಒಗ್ಗುವುದು ಕಷ್ಟ. ಸುಟ್ಟ ಚಿಪ್ಪು ನೀರು ಕುಡಿದು, ಗೋಡೆಯ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಚಿಪ್ಪಿನಂಥ ಗಟ್ಟಿ ಪದರವಾಗುತ್ತದೆ. ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುತ್ತದೆ. ಗಟ್ಟಿ ಪದರಕ್ಕೆ ಆ ಆಟ ಆಗುವುದಿಲ್ಲ, ಬಿರುಕು ಬಿಟ್ಟು ಹಕ್ಕಳೆಯಾಗಿ ಉದುರುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೂ ನಮ್ಮ ಗೋಡೆಯಲ್ಲಿ ಕೆಂಪು ಇಣುಕುತ್ತಿತ್ತು. ದೀಪಾವಳಿಗೆ ಅಪ್ಪ ಮತ್ತೆ ಮುಚ್ಚಿಸುತ್ತಿದ್ದ. ಸುಣ್ಣದ ಖಾರ ಅನೇಕ ಬಣ್ಣಗಳನ್ನು ಕೊಲ್ಲುತ್ತದೆ, ಕೆಮ್ಮಣ್ಣಿಗೆ ಮಾತ್ರ ಏನೂ ಆಗುವುದಿಲ್ಲ. ಘಟ್ಟದ ಕೆಳಗೆ ಉತ್ತರ ಕನ್ನಡದ ದೇವಸ್ಥಾನಗಳಲ್ಲಿ, ಗೋವೆಯಲ್ಲಿ, ಕಾವಿ ಕಲೆ ಎಂಬುದು ನಿಂತಿರುವುದೇ ಈ ಗುಣದ ಮೇಲೆ. ಅಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತೆಗೆಯುತ್ತಾರೆ. ಅವರ ಮನೆಯಲ್ಲಿ ಬಿಳಿ ಕೆಳಗೆ, ಕೆಂಪು ಮೇಲೆ; ನಮ್ಮಲ್ಲಿ ತಿರುಗುಮುರುಗು.

ಮುಚ್ಚಿದ ಗೋಡೆಯ ಬಗ್ಗೆ ನಾನು ತರಗತಿಯಲ್ಲಿ ಒಂದು ಕತೆ ಹೇಳುತ್ತಿದ್ದೆ. ತಂಜಾವೂರಿನ ದೊಡ್ಡ ದೇವಾಲಯದಲ್ಲಿ ನಾಯಕರ ಕಾಲದ ಚಿತ್ರಗಳ ಅಡಿಯಲ್ಲಿ ಚೋಳರ ಕಾಲದ ಚಿತ್ರಗಳಿರುವುದನ್ನು 1931ರಲ್ಲಿ ಎಸ್. ಕೆ. ಗೋವಿಂದಸ್ವಾಮಿ ಎಂಬ ವಿದ್ವಾಂಸರು ಕಂಡುಹಿಡಿದರು. ಮೇಲಿನದು ಮುಚ್ಚಿದ್ದರಿಂದ ಕೆಳಗಿನದು ಉಳಿಯಿತು. ಆ ಪಾಠ ಮಾಡುವಾಗೆಲ್ಲ ನನಗೆ ನಮ್ಮ ನಡುಮನೆ ನೆನಪಾಗುತ್ತಿತ್ತು. ಅಪ್ಪನ ಬಿಳಿಯ ಕೆಳಗೆ ಅಮ್ಮನ ಕೆಂಪು ಹೂತುಹೋಗಿದೆ, ಅಪ್ಪ ತನ್ನ ಮಾನಕ್ಕಾಗಿ ಅಮ್ಮನ ವಿದ್ಯೆಯನ್ನು ಅಳಿಸಿದ ಎಂದು ನಾನು ಮನಸ್ಸಿನಲ್ಲಿ ನಮ್ಮ ಮನೆಯ ಚರಿತ್ರೆ ಬರೆದುಕೊಂಡಿದ್ದೆ. ಅದಕ್ಕೆ ಸಾಕ್ಷಿಯೂ ಇತ್ತು. ಸುಣ್ಣ ಹೊಡೆದ ಮೇಲೆ ಅಮ್ಮ ಚಿತ್ತಾರ ಬರೆಯುತ್ತಿದ್ದದ್ದು ವರ್ಷಕ್ಕೊಮ್ಮೆ, ಭೂಮಿ ಹುಣ್ಣಿಮೆಗೆ ಮಾತ್ರ. ಅದೂ ಬುಟ್ಟಿಯ ಮೇಲೆ. ಗದ್ದೆಗೆ ಚರಗ ಒಯ್ಯುವ ಆ ಭೂಮಣ್ಣಿ ಬುಟ್ಟಿಗೆ ಸಗಣಿ ಮೆತ್ತಿ, ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿಯ ಬಿಳಿಯಲ್ಲಿ ಬರೆಯಬೇಕು. ಗೋಡೆಯಷ್ಟು ಚಿತ್ತಾರವನ್ನು ಅಮ್ಮ ಬುಟ್ಟಿಯಷ್ಟು ಜಾಗದಲ್ಲಿ ತುಂಬುತ್ತಿದ್ದಳು.

ಹಾಗಾಗಿ ಮಾರನೆಯ ದಿನ ತೀರ್ಪು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ನ್ಯಾಯಾಧೀಶನ ಗತ್ತಿತ್ತು. ಬಣ್ಣದಂಗಡಿಯವನ ಡಬ್ಬಿ ಎರಡಕ್ಕೂ ಬೇಡ ಎಂದೆ. ಮಣ್ಣಿನ ಗೋಡೆಯ ತೇವ ಹೊರಗೆ ಹೋಗಬೇಕು; ಪ್ಲಾಸ್ಟಿಕ್ ಬಣ್ಣ ಅದಕ್ಕೆ ದಾರಿ ಬಿಡುವುದಿಲ್ಲ, ಒಂದು ಮಳೆಗಾಲದಲ್ಲಿ ಬೊಬ್ಬೆ ಏಳುತ್ತದೆ. ಸುಣ್ಣ, ಕೆಮ್ಮಣ್ಣು ಎರಡೂ ತೇವಕ್ಕೆ ದಾರಿ ಬಿಡುತ್ತವೆ. ಎರಡರಲ್ಲಿ ಬಿಳಿ ಬೆಳಕು ಕೊಡುತ್ತದೆ, ಹುಳ ಹುಪ್ಪಟೆಗೆ ಹೊಸ ಸುಣ್ಣದ ಖಾರ ಆಗುವುದಿಲ್ಲ. ಆದರೆ ಒಂದು ಕಲೆ ಬಿದ್ದರೆ ಮುಗಿಯಿತು. ಕೆಂಪು ಬೆಳಕನ್ನು ನುಂಗುತ್ತದೆ, ಹೊಗೆ ಕಲೆಗಳನ್ನೂ ನುಂಗುತ್ತದೆ. ಬಿರುಕು ಬಿಟ್ಟಲ್ಲಿ ಅದೇ ಮಣ್ಣಿನಿಂದ ತಿದ್ದಬಹುದು. ಇಷ್ಟೆಲ್ಲ ಹೇಳಿ, "ನಲವತ್ತಾರು ವರ್ಷ ಅಪ್ಪನ ಬಿಳಿ ಇತ್ತು, ಇನ್ನು ಅಮ್ಮನ ಕೆಂಪು ಇರಲಿ. ನಡುಮನೆಗೆ ಪೂರ್ತಿ ಕೆಮ್ಮಣ್ಣು" ಎಂದೆ. ಮಗಳು ಚಪ್ಪಾಳೆ ತಟ್ಟಿದಳು. ತಮ್ಮನ ಮುಖ ಇಳಿಯಿತು.

ಆಗ ಅಮ್ಮ ಬಾಯಿ ಬಿಟ್ಟಳು. ಎದ್ದು ಹೋಗಿ ಕವಳ ಉಗಿದು ಬಂದು, "ಪೂರ್ತಿ ಕೆಮ್ಮಣ್ಣು ಬಳಿಯೋದು ಯಾರು?" ಎಂದು ಕೇಳಿದಳು.

ನಾನು ಸುಮ್ಮನಾದೆ.

"ಸುಣ್ಣ ತರಿಸು ಅಂತ ನಿಮ್ಮಪ್ಪಗೆ ಹೇಳಿದೋಳು ನಾನು. ನಿಂಗ್ಯಾರು ಹೇಳಿದ್ದು ಅವರು ಮುಚ್ಚಿಸಿದ್ರು ಅಂತ? ಗುಡ್ಡದಿಂದ ಮಣ್ಣು ಹೊತ್ತೋಳು ನಾನು, ಕುಟ್ಟಿದೋಳು ನಾನು, ಬಸುರಿಯಾಗಿದ್ದಾಗ ಅಟ್ಟ ಹತ್ತಿ ಬಳಿದೋಳೂ ನಾನು. ಗೋಡೆಗೆ ಸುಣ್ಣ ಅಂದ್ರೆ ಪೇಟೆ ಗಂಡಸ್ರು ಬಂದು ಹೊಡೀತಾರೆ. ಆ ವರ್ಷ ನನ್ನ ಸೊಂಟಕ್ಕೆ ರಜ ಸಿಕ್ತು." ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಅಂಗಿ ತೊಳೆದೋಳೂ ನಾನೇ. ಬೆನ್ನಿನ ಕೆಂಪು ಹೋಗ್ತಿರ್ಲಿಲ್ಲ. ಅದ್ನ ಹಾಕ್ಕೊಂಡು ನೀನು ಕಂಬಕ್ಕೆ ಒರಗಿ ಓದೋದು ನಾ ಕಂಡಿದ್ದೆ" ಎಂದಳು.

ಅಂಗಿಯ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವಿರಲಿಲ್ಲ ಎಂದು ಅರುವತ್ತು ದಾಟಿದ ಮೇಲೆ ತಿಳಿಯಿತು. ಕಾಗೋಡು, ಏಳನೇ ಫಾರಂ, ಬುಕಾನನ್ ಎಲ್ಲವನ್ನೂ ತಾರೀಕಿನ ಸಮೇತ ಬಲ್ಲ ನಾನು ನಮ್ಮ ಮನೆಯ ಗೋಡೆಗೆ ಮಣ್ಣು ಹೊತ್ತವರು ಯಾರು ಎಂಬ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಕೆಂಪು ಚಂದ ಎಂದು ಹೊಗಳುವವರು, ನಾನೂ ನನ್ನ ಮಗಳೂ, ಅದನ್ನು ಒಂದು ಬುಟ್ಟಿಯೂ ಹೊತ್ತವರಲ್ಲ.

"ಹಾಗಾದ್ರೆ ಬಿಳಿನೇ ಆಗ್ಲಾ ಅಮ್ಮ?" ಎಂದ ತಮ್ಮ.

"ಮೂರು ಗೋಡೆ ಬೆಳ್ಳಗಿರ್ಲಿ. ಹಸೆ ಗೋಡೆ ಒಂದು ಕೆಂಪಾಗ್ಲಿ. ಅಷ್ಟು ಬೇಕಿತ್ತು ನಂಗೆ ಆವತ್ತೂ. ಕೇಳೋಕೆ ಯಾರೂ ಬರ್ಲಿಲ್ಲ. ಅಷ್ಟು ಹೊರೋಕೆ ನಿಮಗೂ ತ್ರಾಣ ಇದ್ಯಲ್ಲ?"

ಮರುದಿನ ನಾವು ಮೂವರೂ ಗುಡ್ಡಕ್ಕೆ ಹೋದೆವು. ಹಳೆಯ ಗುಂಡಿಯ ತುಂಬ ಮುಳ್ಳು ಬೆಳೆದಿತ್ತು. ತಮ್ಮ ಕತ್ತಿಯಿಂದ ಸವರಿದ, ಮಗಳು ಅಗೆದಳು, ನಾನು ಹೊತ್ತೆ. ಒಂದು ಗೋಡೆಗೆ ಏಳು ಬುಟ್ಟಿ ಮಣ್ಣು ಬೇಕಾಯಿತು. ನಾಲ್ಕನೆಯ ಬುಟ್ಟಿಗೇ ನನ್ನ ಕುತ್ತಿಗೆ ಹಿಡಿದುಕೊಂಡಿತು. ಹಳೆಯ ಸುಣ್ಣದ ಹಕ್ಕಳೆ ಕೆರೆದು, ಕುಟ್ಟಿ, ಕದಡಿ, ಬಸಿದು, ಬಳಿಯುವ ಹೊತ್ತಿಗೆ ನಾಲ್ಕು ದಿನ ಹೋಯಿತು. ಅಮ್ಮ ಕೂತಲ್ಲಿಂದಲೇ, "ಅಲ್ಲಿ ಬಿಟ್ಟೋಯ್ತು, ಇಲ್ಲಿ ದಪ್ಪ ಆಯ್ತು" ಎಂದು ಹೇಳುತ್ತಿದ್ದಳು. ಉಳಿದ ಮೂರು ಗೋಡೆಗೆ ಪೇಟೆಯ ಆಳು ಬಂದು ಅರ್ಧ ದಿನದಲ್ಲಿ ಸುಣ್ಣ ಹೊಡೆದು ಹೋದ. ಅಮ್ಮನ ಕೈ ಈಗ ನಡುಗುತ್ತದೆ, ಎಳೆ ನೇರ ಬರುವುದಿಲ್ಲ. ಬಾಸಿಂಗದ ಮೊದಲ ನಾಲ್ಕು ಗೆರೆ ಎಳೆದು ಕುಂಚವನ್ನು ಮೊಮ್ಮಗಳ ಕೈಗೆ ಕೊಟ್ಟಳು. ಮಗಳ ಗೆರೆಗಳು ಇನ್ನೂ ಸೊಟ್ಟ. ಅಮ್ಮ ತಿದ್ದಲಿಲ್ಲ.

ಮದುವೆಯ ದಿನ ಅಳಿಯ ರೇಷ್ಮೆ ಪಂಚೆ, ಬಿಳಿ ಅಂಗಿ ತೊಟ್ಟು ಹಸೆ ಗೋಡೆಯ ಮುಂದಿನ ಮಣೆಯ ಮೇಲೆ ಕೂತಿದ್ದ. ಬಹಳ ಹೊತ್ತಿನ ಶಾಸ್ತ್ರ. ನಡುವೆ ದಣಿದು ಹಿಂದಕ್ಕೆ ಒರಗಿದ. ಊಟಕ್ಕೆ ಎದ್ದಾಗ ಬೆನ್ನಿನ ತುಂಬ ಕೆಂಪು. ಅವನ ತಾಯಿ ಗಾಬರಿಯಿಂದ ಕರವಸ್ತ್ರ ತೆಗೆದುಕೊಂಡು ಒರೆಸಲು ಬಂದರು. ಅಮ್ಮ ಅವರ ಕೈ ಹಿಡಿದು, "ಬಿಡಿ ತಾಯಿ, ಒರೆಸಿದ್ರೆ ಇನ್ನೂ ಹರಡ್ತದೆ. ಒಣಗಲಿ, ಆಮೇಲೆ ಕೊಡವಿದ್ರಾಯ್ತು" ಎಂದಳು. ಅಳಿಯ ಹಾಗೆಯೇ ಪಂಕ್ತಿಯಲ್ಲಿ ಹೋಗಿ ಕೂತ. ಫೋಟೋ ತೆಗೆಯುವವನಿಗೆ ಬೆನ್ನಿನ ಕಡೆಯಿಂದಲೂ ಒಂದು ತೆಗೆಯಪ್ಪ ಎಂದು ನಾನು ಹೇಳಿದೆ. ಅವನಿಗೆ ಯಾಕೆಂದು ಅರ್ಥವಾಗಲಿಲ್ಲ, ಆದರೂ ತೆಗೆದ.